ಮನೆಯಲ್ಲೇ ಜಪಾನಿ: ಯಾವ ಪುಸ್ತಕ, ಯಾವ ದಾರಿ?

‘ಮೇಷ್ಟ್ರೇ, ಜಪಾನಿ ಕಲೀಬೇಕು. ಯಾವ ಆ್ಯಪ್ ಹಾಕ್ಕೊಳ್ಳಲಿ?’

ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಹೀಗೆ ಕೇಳಿಕೊಂಡು ಬಂದಾಗ ನಾನು ಆ್ಯಪಿನ ಹೆಸರು ಹೇಳುವುದಿಲ್ಲ. ‘ಯಾಕಪ್ಪ ಕಲೀಬೇಕು?’ ಅಂತ ತಿರುಗಿ ಕೇಳುತ್ತೇನೆ. ಕೆಲವರು ತಲೆ ಕೆರೆದುಕೊಳ್ಳುತ್ತಾರೆ. ‘ಬಿಡದೀಲಿ ಕೆಲಸಕ್ಕೆ ಅನುಕೂಲ ಆಗ್ತದಂತೆ ಸಾರ್’ ಅನ್ನುವವರೂ ಇದ್ದಾರೆ. ಕನಕಪುರದ ಒಬ್ಬ ನರ್ಸಿಂಗ್ ಹುಡುಗಿ ಮಾತ್ರ ನೇರವಾಗಿ, ‘ಜಪಾನಿಗೇ ಹೋಗಬೇಕು, ವಯಸ್ಸಾದವರ ಆರೈಕೆ ಕೆಲಸಕ್ಕೆ’ ಅಂದಳು. ಅವಳಿಗೆ ಸಲಹೆ ಕೊಡುವುದು ಸುಲಭವಾಯಿತು.

ನಾನು ಕನ್ನಡ ಮೇಷ್ಟ್ರು. ರಾಮನಗರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ವಿಭಕ್ತಿ ಪ್ರತ್ಯಯ, ಸಂಧಿ, ಸಮಾಸ ಹೇಳಿಕೊಟ್ಟು ನಿವೃತ್ತನಾದವನು. ಮಗಳು ಅಳಿಯ ನಗೋಯಾದಲ್ಲಿದ್ದಾರೆ. ಮೊಮ್ಮಗಳು ಅಲ್ಲಿನ ಶಾಲೆಗೆ ಸೇರಿದ ಮೇಲೆ ವಿಡಿಯೊ ಕಾಲಿನಲ್ಲಿ ಅರ್ಧಕ್ಕರ್ಧ ಜಪಾನಿಯನ್ನೇ ಆಡತೊಡಗಿದಳು. ಅವಳ ಮಾತು ತಿಳಿಯಬೇಕೆಂಬ ಹಠಕ್ಕೆ ನಾನೂ ಪುಸ್ತಕ ಹಿಡಿದೆ. ಈಗ ಹುಡುಗರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ನಮ್ಮ ಸೀಮೆಗೆ ಜಪಾನು ಹೊಸದೇನಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಜಪಾನಿನ ಅರಗಿನ ಕೆಲಸದ ವರಸೆಯನ್ನು ತಂದವರು ಬಾವಾಸ್ ಮಿಯಾನ್ ಎಂದು ಅಲ್ಲಿಯವರು ಇವತ್ತಿಗೂ ನೆನೆಯುತ್ತಾರೆ. 1990ರ ದಶಕದಲ್ಲಿ ಜಪಾನಿನ ಜೈಕಾ ಸಂಸ್ಥೆ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ದ್ವಿತಳಿ ರೇಷ್ಮೆಯ ಯೋಜನೆ ನಡೆಸಿತು. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಬಿಳಿಗೂಡಿನಲ್ಲಿ ಆ ಕೆಲಸದ ಪಾಲೂ ಇದೆ. 1999ರ ಡಿಸೆಂಬರಿನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು. 2007ರಲ್ಲಿ ಅದರದೇ ತಾಂತ್ರಿಕ ತರಬೇತಿ ಸಂಸ್ಥೆಯೂ ಬಂತು. ಹೀಗಾಗಿ ಜಪಾನಿಯ ಒಂದಕ್ಷರವನ್ನೂ ಓದದ ಹುಡುಗನ ಬಾಯಲ್ಲೂ ಕೈಜೆನ್, ಗೆಂಬಾ, ಮುದಾ, ಪೋಕಾ ಯೋಕೆ ಎಂಬ ಕಾರ್ಖಾನೆಯ ಪದಗಳು ಸಲೀಸಾಗಿ ಓಡಾಡುತ್ತವೆ. ಆದರೆ ‘ನಾಳೆ ಬರ್ತೀನಿ’ ಅನ್ನಲು ಅವನಿಗೆ ಬರುವುದಿಲ್ಲ.

ಕಲಿಯುವ ಕಾರಣ ಮೊದಲು ಗೊತ್ತಾಗಬೇಕು ಅಂದದ್ದು ಸುಮ್ಮನೆ ಅಲ್ಲ. ಕಾರ್ಖಾನೆ, ಐಟಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಕೇಳುವುದು ಜೆಎಲ್‌ಪಿಟಿ ಪರೀಕ್ಷೆಯ ಪ್ರಮಾಣಪತ್ರ. ಅದರಲ್ಲಿ ಐದು ಹಂತ. ಎನ್5 ಕೆಳಗಿನದು, ಎನ್1 ಮೇಲಿನದು. ಬೆಂಗಳೂರಿನಲ್ಲೂ ಕೇಂದ್ರವಿದೆ. ಆರೈಕೆಯಂಥ ಕೆಲಸಕ್ಕೆ ಜಪಾನಿಗೇ ಹೋಗುವವರಿಗೆ 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಇನ್ನೊಂದು ದಾರಿ ತೆರೆದಿವೆ. ಅದಕ್ಕೆ ಎನ್4 ಆದರೂ ಆಗಬೇಕು, ಇಲ್ಲವೇ ಜೆಎಫ್‌ಟಿ ಬೇಸಿಕ್ ಎಂಬ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಆರೈಕೆಯವರಿಗೆ ಅದರ ಮೇಲೆ ಆ ಕೆಲಸದ ಭಾಷಾಪರೀಕ್ಷೆಯೂ ಉಂಟು. ಅನಿಮೆ ನೋಡಲು ಕಲಿಯುವವರಿಗೆ ಯಾವ ಪರೀಕ್ಷೆಯ ಹಂಗೂ ಇಲ್ಲ, ಅವರು ಪುಣ್ಯವಂತರು.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮ ಮಕ್ಕಳು ಜಪಾನಿಯನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೋಗಿ ಒದ್ದಾಡುತ್ತಾರೆ. ಪುಸ್ತಕ, ಆ್ಯಪ್, ವಿಡಿಯೊ ಎಲ್ಲವೂ ಇಂಗ್ಲಿಷಿನವರಿಗೆ ಕಷ್ಟವಾಗುವುದನ್ನು ಉದ್ದುದ್ದ ವಿವರಿಸುತ್ತವೆ. ಅದರಲ್ಲಿ ಮುಕ್ಕಾಲು ಪಾಲು ಕನ್ನಡದವರಿಗೆ ಕಷ್ಟವೇ ಅಲ್ಲ.

ಒಂದು ವಾಕ್ಯ ನೋಡಿ: ‘ಅಶಿತ ಬಸು ದೆ ರಾಮನಗರ ನಿ ಇಕಿಮಸು.’ ಅಶಿತ ಅಂದರೆ ನಾಳೆ, ಬಸು ದೆ ಅಂದರೆ ಬಸ್ಸಿನಲ್ಲಿ, ರಾಮನಗರ ನಿ ಅಂದರೆ ರಾಮನಗರಕ್ಕೆ, ಇಕಿಮಸು ಅಂದರೆ ಹೋಗುತ್ತೇನೆ. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದದ ಬೆನ್ನಿಗೆ, ‘ನಾನು’ ಬಿಟ್ಟರೂ ನಡೆಯುತ್ತದೆ. ಇದನ್ನು ಇಂಗ್ಲಿಷಿಗೆ ಮಾಡಿಕೊಂಡು ಅಲ್ಲಿಂದ ಜಪಾನಿಗೆ ತರುವವನು ವಾಕ್ಯವನ್ನು ಎರಡು ಸಲ ತಿರುವಿಹಾಕುತ್ತಾನೆ.

ಜೋಡಿ ಕ್ರಿಯಾಪದಗಳನ್ನು ನೋಡಿದಾಗಲಂತೂ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ‘ತಬೆತೆ’ ಅಂದರೆ ತಿಂದು, ‘ಮಿರು’ ಅಂದರೆ ನೋಡು; ‘ತಬೆತೆ ಮಿರು’ ಅಂದರೆ ತಿಂದು ನೋಡುವುದು, ನಾವು ಹೇಳುವ ಅದೇ ಅರ್ಥದಲ್ಲಿ. ‘ಕೈತೆ ಒಕು’ ಬರೆದಿಡುವುದು. ‘ತಬೆತೆ ಶಿಮತ್ತ’ ತಿಂದುಬಿಟ್ಟೆ. ‘ಬರ್ತೀನಿ ಅಂತ ಹೇಳಿದ’ ಅನ್ನುವಲ್ಲಿನ ನಮ್ಮ ‘ಅಂತ’ ಅಲ್ಲಿ ‘ತೊ’ ಆಗಿ ಅದೇ ಜಾಗದಲ್ಲಿ ಕೂತಿರುತ್ತದೆ. ಇಂಗ್ಲಿಷ್ ಪುಸ್ತಕ ಇವನ್ನು ಒಂದೊಂದು ಹೊಸ ಪಾಠವಾಗಿ ಹೆದರಿಸುತ್ತದೆ. ಕನ್ನಡದ ಹುಡುಗನಿಗೆ ಕೃದಂತಾವ್ಯಯ ನೆನಪಿಸಿದರೆ ಸಾಕು, ‘ಓ, ಇಷ್ಟೇನಾ ಸಾರ್’ ಅಂತಾನೆ.

ಜಪಾನಿಯೂ ದ್ರಾವಿಡ ಭಾಷೆಗಳೂ ಒಂದೇ ಬಳ್ಳಿಯವೇ ಅಂತ ಕೇಳಬೇಡಿ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟಿರಲಿ ಬಿಡಲಿ, ವಾಕ್ಯದ ನಡಿಗೆ ಒಂದೇ ಥರ ಇದೆ. ಕಲಿಯುವವನಿಗೆ ಬೇಕಾದದ್ದು ಅದು.

ಲಿಪಿಯಲ್ಲೂ ನಮಗೆ ಒಂದು ಅನುಕೂಲವಿದೆ. ಹಿರಾಗಾನಾದ ಮೂಲಾಕ್ಷರ 46, ಕತಾಕಾನಾದವೂ ಅಷ್ಟೇ. ಅವುಗಳ ಕೋಷ್ಟಕ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲ? ಬೌದ್ಧ ಭಿಕ್ಷುಗಳು ಭಾರತದ ಸಿದ್ಧಂ ಲಿಪಿಯ ಜೊತೆ ಒಯ್ದ ವರ್ಣಮಾಲೆಯ ಕ್ರಮವೇ ಅದು. ಚ ಇರಬೇಕಾದ ಕಡೆ ಸ, ಪ ಇರಬೇಕಾದ ಕಡೆ ಹ ಕೂತಿವೆ, ಅಷ್ಟೇ ವ್ಯತ್ಯಾಸ.

ಅದಕ್ಕೇ ಮೊದಲ ಕೆಲವು ದಿನ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ ಅನ್ನುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಬೇಡ. ‘ಒಬಸನ್’ ಅಂದರೆ ಅತ್ತೆ ಚಿಕ್ಕಮ್ಮಂದಿರು, ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ದೀರ್ಘ, ಒತ್ತಕ್ಷರ ನಮ್ಮ ಕೈಗೆ ಹುಟ್ಟಿನಿಂದ ಬಂದವು. ಆದರೆ ಹಿರಾಗಾನಾ ಬಂದ ದಿನವೇ ಕನ್ನಡ ಅಕ್ಷರವನ್ನು ಬಿಟ್ಟುಬಿಡಬೇಕು. ಅವರ ರ ನಮ್ಮ ರ, ಲ ಎರಡರ ನಡುವಿನದು. ಅದನ್ನು ಕಿವಿಯೇ ಹಿಡಿಯಬೇಕು, ಕಾಗದ ಹಿಡಿಯಲಾರದು.

ಪುಸ್ತಕದ ವಿಷಯ. ನನ್ನ ಆಯ್ಕೆ ‘ಮಿನ್ನಾ ನೊ ನಿಹೊಂಗೊ’. ಆರಂಭಿಕರಿಗೆ ಎರಡು ಭಾಗ, ಒಂದೊಂದರಲ್ಲೂ 25 ಪಾಠ. ಮುಖ್ಯ ಪುಸ್ತಕ ಪೂರ್ತಿ ಜಪಾನಿಯಲ್ಲಿದೆ, ಅರ್ಥ ಮತ್ತು ವ್ಯಾಕರಣಕ್ಕೆ ಬೇರೆ ಪುಸ್ತಕ. ನೋಡಲು ಒಣಕಲು. ಆದರೆ ಕಚೇರಿ, ಕಾರ್ಖಾನೆಗೆ ಹೋಗುವವರ ಮಾತು ಅದರಲ್ಲಿದೆ, ಅಭ್ಯಾಸವೂ ಬೇಕಾದಷ್ಟಿದೆ. ‘ಗೆಂಕಿ’ ಚೆಂದದ ಪುಸ್ತಕ, ವಿವರಣೆಯೂ ಸೊಗಸು. ಆದರೆ ಅದು ಕಾಲೇಜು ತರಗತಿಗೆಂದು ಬರೆದದ್ದು, ‘ಪಕ್ಕದವರನ್ನು ಕೇಳಿ’ ಎಂಬ ಅಭ್ಯಾಸವೇ ಜಾಸ್ತಿ. ಮಾಗಡಿಯ ಮನೆಯಲ್ಲಿ ಒಬ್ಬನೇ ಕೂತವನು ಯಾರನ್ನು ಕೇಳಬೇಕು? ಕೈಯಲ್ಲಿ ಕಾಸಿಲ್ಲದವರಿಗೆ ಜಪಾನ್ ಫೌಂಡೇಶನ್ನಿನ ‘ಇರೊದೊರಿ’ ಇದೆ. ಪಾಠ, ಧ್ವನಿ ಎರಡೂ ಉಚಿತ. ಅಂಗಡಿ, ಆಸ್ಪತ್ರೆ, ಕೆಲಸದ ಜಾಗದಲ್ಲಿ ಆಡುವ ಮಾತನ್ನೇ ಕಲಿಸುತ್ತದೆ. ಕನಕಪುರದ ಹುಡುಗಿಗೆ ನಾನು ಹೇಳಿದ್ದು ಇದನ್ನೇ.

ಯಾವುದನ್ನೇ ಹಿಡಿಯಿರಿ, ಒಂದನ್ನು ಹಿಡಿಯಿರಿ. ಮೂರು ಪುಸ್ತಕದ ಮೊದಲ ಐದೈದು ಪಾಠ ಓದಿ ನಿಂತವರನ್ನು ಬೇಕಾದಷ್ಟು ಕಂಡಿದ್ದೇನೆ. ಪಾಠದ ಧ್ವನಿಯನ್ನು ಮೊದಲು ಪುಸ್ತಕ ಮುಚ್ಚಿ ಕೇಳಿ, ಆಮೇಲೆ ತೆರೆದು ಓದಿ, ಕೊನೆಗೆ ಅದರ ಜೊತೆಯಲ್ಲೇ ಗಟ್ಟಿಯಾಗಿ ಹೇಳಿ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಬೆಂಗಳೂರಿನ ಬಸ್ಸಲ್ಲಿ ಕಳೆಯುವ ಹೊತ್ತೆಲ್ಲ ಇಯರ್‌ಫೋನಿಗೆ ಸಿಗುತ್ತದೆ. ಗಟ್ಟಿಯಾಗಿ ಹೇಳುವುದನ್ನು ಮಾತ್ರ ಮನೆಗೆ ಇಟ್ಟುಕೊಳ್ಳಿ.

ಆ್ಯಪ್ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಅಂಕಿ, ಅಂದರೆ ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಮುಂದೆ ಹಿಡಿಯುವ ಆ ಕಾರ್ಡಿನ ತಂತ್ರಾಂಶ, ಚೀನಾದಿಂದ ಬಂದ ಕಾಂಜಿ ಅಕ್ಷರಗಳಿಗೆ ನಿಜಕ್ಕೂ ಉಪಯೋಗ. ಕಾಂಜಿಯೇ ಇಲ್ಲಿ ಬೆಟ್ಟ. ಜಪಾನ್ ಸರ್ಕಾರ ದಿನಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಅಕ್ಷರಗಳಿವೆ. ಇಲ್ಲಿ ಕನ್ನಡವೂ ಸಹಾಯಕ್ಕೆ ಬರದು. ದಿನಕ್ಕೆರಡು ಬರೆದು ತಿದ್ದುವುದೊಂದೇ ದಾರಿ, ನಮ್ಮ ಒಂದನೇ ಕ್ಲಾಸಿನ ಮಕ್ಕಳ ಹಾಗೆ.

ಕೋಚಿಂಗ್ ಸೆಂಟರಿನ ಬೋರ್ಡು ನೋಡಿ ಮರುಳಾಗುವವರು ಒಂದು ಮಾತು ತಿಳಿದಿರಲಿ. ಜೆಎಲ್‌ಪಿಟಿಯಲ್ಲಿ ಮಾತಾಡಿಸುವುದಿಲ್ಲ, ಬರೆಸುವುದೂ ಇಲ್ಲ; ಎಲ್ಲ ಪ್ರಶ್ನೆಗೂ ಉತ್ತರ ಆರಿಸುವುದಷ್ಟೇ. ಎನ್5ಕ್ಕೆ 180 ಅಂಕದಲ್ಲಿ 80 ಬಂದರೆ ಪಾಸು, ಆದರೆ ಕೇಳುವ ಭಾಗದ 60ರಲ್ಲಿ 19 ಬರಲೇಬೇಕು. ಪ್ರಮಾಣಪತ್ರ ಗೋಡೆಗೆ ಹಾಕಿಸಿಕೊಂಡವನು ಜಪಾನಿ ಮೇಲಧಿಕಾರಿಯ ಎದುರು ಬಾಯಿ ಕಟ್ಟಿ ನಿಲ್ಲುವುದು ಪರೀಕ್ಷೆಯಲ್ಲಿ ಮಾತಾಡಿಸದೇ ಇರುವುದರಿಂದಲೇ. ಮನೆಯಲ್ಲಿ ಒಬ್ಬರೇ ಕಲಿಯಬಹುದು, ಒಬ್ಬರೇ ಮಾತಾಡಲಾಗದು. ವಾರಕ್ಕೊಮ್ಮೆ ಅರ್ಧ ಗಂಟೆ ಮಾತಾಡಲು ಯಾರನ್ನಾದರೂ ಗಂಟುಹಾಕಿಕೊಳ್ಳಿ. ಅದೇ ಪುಸ್ತಕ ಓದುತ್ತಿರುವ ಇನ್ನೊಬ್ಬ ಹುಡುಗನಾದರೂ ನಡೆದೀತು. ನನ್ನನ್ನು ತಿದ್ದುವವಳು ಮೊಮ್ಮಗಳು, ದಾಕ್ಷಿಣ್ಯ ಎಂಬುದೇ ಇಲ್ಲ ಅವಳಿಗೆ.

2010ಕ್ಕೆ ಮುಂಚಿನ ಹಳೆಯ ಪರೀಕ್ಷೆಯ ಮಾರ್ಗಸೂಚಿಯಲ್ಲಿ ತಳದ ಹಂತಕ್ಕೆ ಸುಮಾರು 150 ಗಂಟೆಯ ಓದು, 100 ಕಾಂಜಿ, 800 ಪದ ಎಂದಿತ್ತು. ಇವತ್ತಿಗೂ ಅದು ಒಳ್ಳೆಯ ಅಂದಾಜು. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ, ಅರ್ಜಿ ಮಾತ್ರ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ. ಡಿಸೆಂಬರಿಗೆ ಕೂರಬೇಕೆನ್ನುವವರು ಯುಗಾದಿಯ ಹೊತ್ತಿಗೆ ಹಿರಾಗಾನಾ ಮುಗಿಸಿ, ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆ ಮೀಸಲಿಡಿ. ವ್ಯಾಕರಣದ ಟಿಪ್ಪಣಿಯನ್ನು ದಯವಿಟ್ಟು ಕನ್ನಡದಲ್ಲೇ ಬರೆದುಕೊಳ್ಳಿ.