ಉತ್ತಮ ಶಿಕ್ಷಕರ ಆಯ್ಕೆ ನಡೆಯುವುದು ಹೀಗೆ

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ದೆಹಲಿಯಲ್ಲಿ ರಾಷ್ಟ್ರಪತಿಯವರ ಕೈಯಿಂದ ಒಂದಷ್ಟು ಶಿಕ್ಷಕರು ಬೆಳ್ಳಿ ಪದಕ ಪಡೆಯುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ, ಊರಿಗೆ ಬಂದ ಮೇಲೆ ಹಾರ, ಶಾಲು, ಸನ್ಮಾನ. ಆ ಹೆಸರು ದೆಹಲಿಯವರೆಗೆ ಹೋದದ್ದು ಹೇಗೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಬ್ಬರು 'ಕೆಲಸಕ್ಕೆ ತಕ್ಕ ಮರ್ಯಾದೆ ಬಿಡಿ' ಎನ್ನುತ್ತಾರೆ, ಇನ್ನೊಬ್ಬರು 'ವಶೀಲಿ ಇಲ್ಲದೆ ಏನೂ ಆಗಲ್ಲ' ಎನ್ನುತ್ತಾರೆ. ಯಾರ ಮಾತನ್ನು ನಂಬುವುದಿದ್ದರೂ ಮೊದಲು ನಿಯಮ ಗೊತ್ತಿರಬೇಕು.

ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಶುರುವಾದದ್ದು 1958ರಲ್ಲಿ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು ಶಿಕ್ಷಕರ ದಿನವಾಗಿ ಆಚರಿಸತೊಡಗಿದ್ದು 1962ರಿಂದ. ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಸಾರೋಟಿಗೆ ಹೂವು ಕಟ್ಟಿ ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು. ಆ ಗೌರವಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ. ಈಗಿನ ಗೌರವಕ್ಕೆ ಹಾಕಬೇಕು.

2018ರಲ್ಲಿ ಈ ವ್ಯವಸ್ಥೆ ಬದಲಾಯಿತು. ಅದಕ್ಕೂ ಮುಂಚೆ ರಾಜ್ಯ ಸರ್ಕಾರಗಳು ಹೆಸರು ಕಳುಹಿಸುತ್ತಿದ್ದವು, ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಪ್ರಶಸ್ತಿ ಸಿಗುತ್ತಿತ್ತು. ಈಗ ಶಾಲಾ ಶಿಕ್ಷಕರಿಗೆ ಇರುವುದು ಹೆಚ್ಚುಕಡಿಮೆ 50 ಮಾತ್ರ. ಶಿಕ್ಷಕರು ಕೇಂದ್ರ ಶಿಕ್ಷಣ ಸಚಿವಾಲಯದ ಪೋರ್ಟಲ್‌ನಲ್ಲಿ ತಾವೇ ಅರ್ಜಿ ತುಂಬುತ್ತಾರೆ. ಅಧಿಕಾರಿಗಳ ಕೃಪೆಗೆ ಕಾಯಬೇಕಿಲ್ಲ ಎನ್ನುವುದು ಇದರ ಲಾಭ. ತನ್ನ ಕೆಲಸವನ್ನು ತಾನೇ ಹೊಗಳಿ ಬರೆಯಲು ನಾಚುವವರು ಹಿಂದೆ ಉಳಿಯುತ್ತಾರೆ ಎನ್ನುವುದು ನಷ್ಟ. ನಿಯಮ ರೂಪಿಸಿದವರಿಗೂ ಇದು ಹೊಳೆದಿರಬೇಕು. ಅರ್ಜಿ ಹಾಕದ ಒಬ್ಬ ಅಸಾಧಾರಣ ಶಿಕ್ಷಕರನ್ನು ಆಯ್ಕೆ ಸಮಿತಿಯೇ ಗುರುತಿಸಿ ಸೂಚಿಸಲು ಅವಕಾಶ ಇಟ್ಟಿದ್ದಾರೆ. ವಿಶೇಷ ಮಕ್ಕಳ ಶಿಕ್ಷಕರಿಗೂ ಅಂಗವಿಕಲ ಶಿಕ್ಷಕರಿಗೂ ಈ ದಾರಿ ತೆರೆದಿದೆ.

ಅರ್ಜಿ ಮೂರು ಮೆಟ್ಟಿಲು ಹತ್ತಬೇಕು. ಮೊದಲನೆಯದು ಜಿಲ್ಲಾ ಸಮಿತಿ. ಅದರ ಅಧ್ಯಕ್ಷತೆ ಜಿಲ್ಲಾ ಶಿಕ್ಷಣಾಧಿಕಾರಿಯದು, ನಮ್ಮಲ್ಲಿ ಅಂದರೆ ಡಿಡಿಪಿಐ. ದಾಖಲೆ ನಿಜವೇ, ಇಲಾಖಾ ವಿಚಾರಣೆ ಏನಾದರೂ ಬಾಕಿ ಇದೆಯೇ ಎಂದು ನೋಡಿ ಜಿಲ್ಲೆಯಿಂದ 3 ಹೆಸರು ಆರಿಸಿ ಕಳುಹಿಸುತ್ತಾರೆ. ಎರಡನೆಯದು ಶಿಕ್ಷಣ ಇಲಾಖೆ ಕಾರ್ಯದರ್ಶಿಯ ಅಧ್ಯಕ್ಷತೆಯ ರಾಜ್ಯ ಸಮಿತಿ. ಯಾವ ರಾಜ್ಯ ಎಷ್ಟು ಹೆಸರು ಕಳುಹಿಸಬಹುದು ಎಂಬುದಕ್ಕೆ ಮಿತಿ ಇದೆ. ಕೊನೆಯದು ರಾಷ್ಟ್ರಮಟ್ಟದ ಸ್ವತಂತ್ರ ತೀರ್ಪುಗಾರರ ಮಂಡಳಿ. ಇಲ್ಲಿ ಶಿಕ್ಷಕರು ತಮ್ಮ ಕೆಲಸವನ್ನು ತಾವೇ ಮುಂದಿಟ್ಟು ವಿವರಿಸಬೇಕು. ಆಯ್ಕೆಯಾದವರಿಗೆ ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ ನಗದು.

ಈಚಿನ ನಿಯಮದಂತೆ ಕನಿಷ್ಠ 10 ವರ್ಷ ಕಾಯಂ ಸೇವೆ ಆಗಿರಬೇಕು. ಮನೆಪಾಠ ಹೇಳುವವರು ಅರ್ಹರಲ್ಲ. ಗುತ್ತಿಗೆಯ ಮೇಲೆ ಇರುವವರೂ ಅರ್ಹರಲ್ಲ. ಅಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಭಾರ ಹೊತ್ತಿರುವ ಅತಿಥಿ ಶಿಕ್ಷಕರು ಎಷ್ಟೇ ಚೆನ್ನಾಗಿ ಕಲಿಸಿದರೂ ಈ ಬಾಗಿಲು ಅವರಿಗೆ ತೆರೆಯುವುದಿಲ್ಲ. ಆಡಳಿತದ ದೃಷ್ಟಿಯಿಂದ ಕಾರಣ ಅರ್ಥವಾಗುತ್ತದೆ. ನ್ಯಾಯದ ದೃಷ್ಟಿಯಿಂದ ನನಗಂತೂ ಒಪ್ಪಿಗೆಯಾಗುವುದಿಲ್ಲ.

ಇನ್ನು ಅಂಕಗಳ ವಿಚಾರ. ಒಟ್ಟು 100 ಅಂಕ, ಎರಡು ಭಾಗ. ಚಿಕ್ಕ ಭಾಗದಲ್ಲಿ ಎಣಿಸಿ ತೋರಿಸಬಹುದಾದ ಸಂಗತಿಗಳಿವೆ: ದಾಖಲಾತಿ ಹೆಚ್ಚಿಸಿದ್ದು, ಶಾಲೆ ಬಿಟ್ಟವರನ್ನು ಮರಳಿ ತಂದದ್ದು, ಹಾಜರಾತಿ, ತರಬೇತಿ, ಲೇಖನ ಪ್ರಕಟಣೆ, ದಾನಿಗಳಿಂದ ಶಾಲೆಗೆ ತಂದ ಸೌಲಭ್ಯ. ದೊಡ್ಡ ಭಾಗ ಬೋಧನೆಯಲ್ಲಿ ಮಾಡಿದ ಹೊಸ ಪ್ರಯೋಗ, ಅದರ ಪರಿಣಾಮ, ಪಠ್ಯೇತರ ಚಟುವಟಿಕೆ, ಸಮುದಾಯದ ಒಡನಾಟಕ್ಕೆ ಮೀಸಲು. ಇದಕ್ಕೆಲ್ಲ ಪುರಾವೆಯಾಗಿ ವರದಿ, ಫೋಟೊ, ವಿಡಿಯೊ ಸೇರಿಸಿದ ಕಡತ ಸಲ್ಲಿಸಬೇಕು.

ತೊಡಕು ಇರುವುದು ಇಲ್ಲೇ. ದಾನಿಗಳಿಂದ ಕಟ್ಟಿಸಿದ ಕೊಠಡಿ ಫೋಟೊದಲ್ಲಿ ಬೀಳುತ್ತದೆ. ಪ್ರಭಾತಫೇರಿ, ವನಮಹೋತ್ಸವ, ಬಣ್ಣ ಬಳಿದ ಗೋಡೆ ಎಲ್ಲವೂ ಬೀಳುತ್ತವೆ. ಸಾಲ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಮಗು ಪದೇ ಪದೇ ಎಡವುತ್ತಿದೆ ಎಂದು ಗಮನಿಸಿ, ಪಕ್ಕದಲ್ಲಿ ಕೂತು ಹುಣಿಸೆಬೀಜದ ಕಟ್ಟು ಬಿಚ್ಚಿಸಿ ತೋರಿಸಿದ ಹತ್ತು ನಿಮಿಷಕ್ಕೆ ಫೋಟೊ ಇರುವುದಿಲ್ಲ. ಹೀಗಾಗಿ ಶಾಲೆಯನ್ನು ಚೆನ್ನಾಗಿ ನಡೆಸುವವರು ಮತ್ತು ಪಾಠವನ್ನು ಚೆನ್ನಾಗಿ ಮಾಡುವವರು ಇಬ್ಬರಿದ್ದರೆ ಕಡತದಲ್ಲಿ ಮೊದಲಿನವರು ಗೆಲ್ಲುತ್ತಾರೆ.

ಜಗತ್ತಿನ ದೊಡ್ಡ ಪ್ರಶಸ್ತಿಯಲ್ಲೂ ಇದೇ ಕತೆ. ವರ್ಕಿ ಫೌಂಡೇಶನ್ ಕೊಡುವ ಗ್ಲೋಬಲ್ ಟೀಚರ್ ಪ್ರೈಜ್ 10 ಲಕ್ಷ ಡಾಲರಿನದು. 2020ರಲ್ಲಿ 140ಕ್ಕೂ ಹೆಚ್ಚು ದೇಶಗಳಿಂದ 12,000ಕ್ಕೂ ಮಿಕ್ಕಿ ಹೆಸರುಗಳು ಬಂದಿದ್ದವು. ಗೆದ್ದವರು ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಳೆ. ಬಹುಮಾನದ ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದ್ದು ಎಲ್ಲೆಡೆ ಸುದ್ದಿಯಾಯಿತು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಪದ್ಯದ ಧ್ವನಿ, ಪಾಠದ ವಿಡಿಯೊ, ಅಭ್ಯಾಸಗಳನ್ನು ಜೋಡಿಸಿದ್ದೂ ಸುದ್ದಿಯಾಯಿತು. ಆ ಪದ್ಧತಿಯನ್ನು ಮುಂದೆ ಮಹಾರಾಷ್ಟ್ರ ಸರ್ಕಾರ ಇಡೀ ರಾಜ್ಯದ ಪಠ್ಯಪುಸ್ತಕಗಳಿಗೆ ತಂದಿತು, ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅದು ಬಂತು.

ನಮ್ಮವರ ಕಣ್ಣಿಗೆ ಅಷ್ಟಾಗಿ ಬೀಳದ ಸಂಗತಿ ಇನ್ನೊಂದಿದೆ. 2009ರಲ್ಲಿ ಡಿಸಳೆ ಆ ಶಾಲೆಗೆ ಹೋದಾಗ ಅದು ದನದ ಕೊಟ್ಟಿಗೆ ಮತ್ತು ಉಗ್ರಾಣದ ನಡುವಿನ ಹಾಳು ಕಟ್ಟಡ. ಮಕ್ಕಳ ಮನೆಮಾತು ಕನ್ನಡ, ಕೈಯಲ್ಲಿದ್ದ ಪುಸ್ತಕ ಬೇರೆ ಭಾಷೆಯದು. ಅವರು ಅದೇ ಊರಿನಲ್ಲಿ ನೆಲೆಸಿ ಮಕ್ಕಳ ಮಾತು ಕಲಿತರು, ಪಾಠಗಳನ್ನು ಆ ಮಾತಿಗೆ ತಿರುಗಿಸಿದರು, ಆಮೇಲೆ ಕೋಡ್ ಅಂಟಿಸಿದರು. ಗಡಿ ಶಾಲೆಯಲ್ಲಿ ಕಲಿತವರಿಗೆ ಇದರ ಬೆಲೆ ಬೇರೆಯವರು ಹೇಳಬೇಕಿಲ್ಲ. ಕೋಡ್ ಅನ್ನು ನಕಲು ಮಾಡುವುದು ಸುಲಭ, ಸರ್ಕಾರಗಳು ಅದನ್ನೇ ಮಾಡಿದವು. ಮಗುವಿನ ಮಾತು ಕಲಿಯುವುದನ್ನು ಸುತ್ತೋಲೆ ಹೊರಡಿಸಿ ಮಾಡಿಸಲಾಗದು.

ಪದಕಕ್ಕೆ ಸಿಗದ ಇನ್ನೊಂದು ಬಗೆಯ ಕೆಲಸ ನಮ್ಮಲ್ಲೇ ಆಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಪದ್ಧತಿ ನೋಡಿಬಂದರು. ಯುನಿಸೆಫ್ ನೆರವಿತ್ತು. ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುವಂತೆ ತಾವೇ ಕೂತು ಸಾಮಗ್ರಿ ಬರೆದರು. ಅದೇ ನಲಿಕಲಿ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ಸ್ವಂತವಾಗಿ ಕಲಿಯುವ ಗುಂಪು. ಎರಡು ದಿನ ಜ್ವರದಿಂದ ಮಲಗಿದ್ದ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರಲ್ಲಿ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಬಂತು. ಮುಂದೆ ಅದು ಎಲ್ಲ ಕಡೆ ಅದೇ ಹುಮ್ಮಸ್ಸಿನಿಂದ ನಡೆಯಲಿಲ್ಲ, ಅದು ಬೇರೆ ಲೇಖನದ ವಿಷಯ. ಇಷ್ಟು ದೊಡ್ಡ ಕೆಲಸ ಹುಟ್ಟಿದ್ದು ಒಂದು ಗುಂಪಿನ ಕೈಯಲ್ಲಿ. ಪ್ರಶಸ್ತಿಯ ಅರ್ಜಿಯಲ್ಲಿ ಇರುವುದು ಒಬ್ಬರ ಹೆಸರಿಗೆ ಜಾಗ.

ಹಾಗಾದರೆ ಒಳ್ಳೆಯ ಬೋಧನೆಯನ್ನು ಗುರುತಿಸುವ ಬಗೆ ಯಾವುದು? ಗೇಟ್ಸ್ ಫೌಂಡೇಶನ್ ಅಮೆರಿಕದಲ್ಲಿ ಸುಮಾರು 3,000 ಶಿಕ್ಷಕರ ಮೇಲೆ ನಡೆಸಿದ ಅಧ್ಯಯನ 2013ರಲ್ಲಿ ಮುಗಿಯಿತು. ಮಕ್ಕಳ ಕಲಿಕೆಯಲ್ಲಿ ಆದ ಏರಿಕೆ, ತರಗತಿ ವೀಕ್ಷಣೆ, ಮಕ್ಕಳ ಅಭಿಪ್ರಾಯ, ಇವು ಮೂರನ್ನೂ ಕೂಡಿಸಿ ನೋಡಿದರೆ ಒಂದನ್ನೇ ನಂಬುವುದಕ್ಕಿಂತ ಗಟ್ಟಿ ತೀರ್ಮಾನ ಸಿಗುತ್ತದೆ ಎಂದು ಅದು ಹೇಳಿತು. ಒಬ್ಬರೇ ವೀಕ್ಷಕರು ಎರಡು ಸಲ ಬರುವುದಕ್ಕಿಂತ ಇಬ್ಬರು ಒಂದೊಂದು ಸಲ ಬರುವುದು ಮೇಲು ಎಂದೂ ಕಂಡಿತು. ಇದನ್ನು ನಮ್ಮ ಮಟ್ಟಕ್ಕೆ ಇಳಿಸುವುದು ಕಷ್ಟವಲ್ಲ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮತ್ತು ಪಕ್ಕದ ಶಾಲೆಯ ಅನುಭವಿ ಶಿಕ್ಷಕರು ಬೇರೆ ಬೇರೆ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು. ಎಸ್ಸೆಸ್ಸೆಲ್ಸಿಯ ನೂರಕ್ಕೆ ನೂರು ಫಲಿತಾಂಶವನ್ನು ಮಾತ್ರ ನೋಡುವುದು ಬೇಡ. ಮಗು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಕೂತವರು ಏನು ನೋಡಬೇಕು? ತಪ್ಪು ಉತ್ತರ ಬಂದಾಗ ಶಿಕ್ಷಕರು ಮುಂದಿನ ಮಗುವಿಗೆ ಹಾರುತ್ತಾರೋ, 'ಹೇಗೆ ಮಾಡಿದೆ ಹೇಳು ಪುಟ್ಟ' ಎಂದು ಅಲ್ಲೇ ನಿಲ್ಲುತ್ತಾರೋ. ಗಂಟೆಯುದ್ದಕ್ಕೂ ಕೈ ಎತ್ತಿದ ನಾಲ್ಕೇ ಮಕ್ಕಳು ಮಾತಾಡುತ್ತಾರೋ, ಹಿಂದೆ ಕೂತವರ ದನಿಯೂ ಕೇಳುತ್ತದೋ. ಮಕ್ಕಳು ಗೊತ್ತಿಲ್ಲ ಎನ್ನಲು ಹೆದರುತ್ತಾರೋ. ಇವಕ್ಕಿಂತ ನಂಬಿಕಸ್ಥ ಸಾಕ್ಷಿ ನೋಟ್‌ಬುಕ್. ಒಂದೇ ಮಗುವಿನ ಜೂನ್ ತಿಂಗಳ ಪುಟ ಮತ್ತು ಫೆಬ್ರವರಿಯ ಪುಟವನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲರ ಪುಸ್ತಕದಲ್ಲೂ ಕರಿಹಲಗೆಯಿಂದ ಇಳಿಸಿಕೊಂಡ ಅದೇ ವಾಕ್ಯಗಳಿದ್ದರೆ ಒಂದು ಅರ್ಥ, ಮಕ್ಕಳ ಸ್ವಂತ ವಾಕ್ಯಗಳು ತಪ್ಪುಗಳ ಸಮೇತ ಬೆಳೆಯುತ್ತ ಹೋಗಿದ್ದರೆ ಇನ್ನೊಂದು ಅರ್ಥ.

ಅರ್ಜಿ ಹಾಕಬೇಕೆಂದಿರುವ ಶಿಕ್ಷಕರಿಗೂ ನನ್ನ ಸಲಹೆ ಇದೇ. ಸನ್ಮಾನದ ಫೋಟೊಗಳನ್ನು ಕಡಿಮೆ ಮಾಡಿ. ಒಂದೇ ಒಂದು ಪ್ರಯೋಗ ಆರಿಸಿಕೊಂಡು, ಮೊದಲು ಮಕ್ಕಳು ಎಲ್ಲಿ ಎಡವುತ್ತಿದ್ದರು, ನೀವು ಏನು ಬದಲಿಸಿದಿರಿ, ಆಮೇಲೆ ಎಷ್ಟು ಮಕ್ಕಳಿಗೆ ಬಂತು, ಯಾರಿಗೆ ಇನ್ನೂ ಬಂದಿಲ್ಲ ಎಂದು ದಿನಾಂಕ ಸಹಿತ ಬರೆದಿಡಿ. ಜೂನ್‌ನಲ್ಲೇ ಪುಟಗಳ ಫೋಟೊ ತೆಗೆಯದಿದ್ದರೆ ಮುಂದಿನ ವರ್ಷ ಹೋಲಿಸಲು ಏನೂ ಉಳಿದಿರುವುದಿಲ್ಲ. ರಾಷ್ಟ್ರಮಟ್ಟದ ಮಂಡಳಿಯ ಮುಂದೆ ಕೂತಾಗ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯುವುದೂ ಇಂಥ ಟಿಪ್ಪಣಿಯಿಂದಲೇ.

ರಾಷ್ಟ್ರೀಯ ಪ್ರಶಸ್ತಿಯ ಅರ್ಜಿ ಸಾಮಾನ್ಯವಾಗಿ ಜೂನ್-ಜುಲೈ ಹೊತ್ತಿಗೆ ತೆರೆಯುತ್ತದೆ. ರಾಜ್ಯ ಪ್ರಶಸ್ತಿಗೆ ಇಲಾಖೆ ಬೇರೆ ಸುತ್ತೋಲೆ ಹೊರಡಿಸುತ್ತದೆ. ನಿಮ್ಮೂರಿನಲ್ಲಿ ಅರ್ಜಿ ಹಾಕಲು ಹಿಂಜರಿಯುವ ಮೇಷ್ಟ್ರು, ಟೀಚರ್ ಇದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಹೋಗಿ ಕೂತು ಅರ್ಜಿ ತುಂಬಿಸಿ. ನಿಯಮದಂತೆ ಅರ್ಹತೆ ಇಲ್ಲದ ಅತಿಥಿ ಶಿಕ್ಷಕರನ್ನು ಈ ಸೆಪ್ಟೆಂಬರ್ 5ರಂದು ಊರಿನವರೇ ಕರೆದು ಗೌರವಿಸಿ. ಅದಕ್ಕೆ ಯಾವ ಸಮಿತಿಯ ಅನುಮತಿಯೂ ಬೇಕಿಲ್ಲ.