ಸೀಸೆಗೆ ಬಿದ್ದ ಹುಳ

ಆಷಾಢದ ಮಳೆ ತುಸು ಹೊಳವಾಗಿದೆ. ಕೊಟ್ಟಿಗೆಯ ಹಿಂದೆ ಗೆರಟೆಯಲ್ಲಿಟ್ಟ ಕೋಳಿ ಲಿವರಿನ ಮೇಲೆ ನೀಲಿ-ಹಸಿರು ಮಿರುಗುವ ನೊಣವೊಂದು ಕೂತಿದೆ. ತಲೆಯ ತುಂಬ ಇಟ್ಟಿಗೆಗೆಂಪು ಕಣ್ಣು: ಕ್ರೈಸೊಮಿಯಾ ಮೆಗಸೆಫಲ. ಮಾಂಸದ ಮಡಿಕೆಯೊಳಕ್ಕೆ ಹಿಂಭಾಗ ತೂರಿಸಿ ಮೊಟ್ಟೆಗಳ ಬಿಳಿ ಗೊಂಚಲನ್ನು ಇಡುತ್ತಿದೆ.

ಇದರ ಮರಿಹುಳಗಳು ನ್ಯಾಯಾಲಯದವರೆಗೂ ಹೋಗುತ್ತವೆ. ಹುಳ ಎಷ್ಟು ಬೆಳೆದಿದೆ, ಆ ದಿನಗಳಲ್ಲಿ ಸೆಕೆ ಎಷ್ಟಿತ್ತು ಎಂಬುದು ತಿಳಿದರೆ, ನೊಣ ಶವಕ್ಕೆ ಬಂದ ಹೊತ್ತನ್ನು ಲೆಕ್ಕ ಹಾಕಬಹುದು. 1935ರಲ್ಲಿ ಸ್ಕಾಟ್ಲೆಂಡಿನ ಮೊಫಟ್ ಬಳಿಯ ಕಮರಿಯಲ್ಲಿ ಸಿಕ್ಕ ಶವದ ತುಂಡುಗಳ ಮೇಲಿನ ಹುಳಗಳನ್ನು ನೋಡಿ ವಿಜ್ಞಾನಿ ಅಲೆಕ್ಸಾಂಡರ್ ಮಿಯರ್ನ್ಸ್ ಅವುಗಳ ವಯಸ್ಸು 12ರಿಂದ 14 ದಿನ ಎಂದರು. ಬಕ್ ರಕ್ಸ್‌ಟನ್ ಕೊಲೆ ಪ್ರಕರಣದ ಆ ಹುಳಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇವೆ.

ಹಾಗೆ ಉಳಿಯಬೇಕಾದರೆ ಸೀಸೆಗೆ ಹಾಕುವ ಕೈಗೆ ತಾಳ್ಮೆ ಬೇಕು. ಒಂದೇ ಗೊಂಚಲಿನಿಂದ ಬಂದ ಹುಳಗಳಲ್ಲಿ ಕೆಲವನ್ನು ಜೀವಂತವಾಗಿಯೇ ಆಲ್ಕೋಹಾಲಿಗೆ ಹಾಕಿದೆ. ಮುರುಟಿದವು, ಬರಬರುತ್ತ ಕಪ್ಪಾದವು. ಇನ್ನು ಕೆಲವನ್ನು ಕುದಿಸಿ ಇಳಿಸಿದ ನೀರಿನಲ್ಲಿ ಅರೆನಿಮಿಷ ಅದ್ದಿ, ಆಮೇಲೆ ಶೇ 80ರ ಎಥನಾಲಿಗೆ ಹಾಕಿದೆ. ಅವು ಉದ್ದಕ್ಕೆ ಚಾಚಿ ಬೆಳ್ಳಗೇ ಉಳಿದಿವೆ. ಅಳತೆಪಟ್ಟಿ ಹಿಡಿದರೆ ಮುರುಟಿದ್ದು ಕಿರಿಯದಾಗಿ ಕಾಣುತ್ತದೆ. ಅದನ್ನೇ ನಂಬಿದರೆ ಸಾವಿನ ಹೊತ್ತು ಈಚೆಗೆ ಸರಿಯುತ್ತದೆ. ನಿರಪರಾಧಿಯೊಬ್ಬ ತಾನು ಊರಲ್ಲಿರಲಿಲ್ಲ ಎಂದು ತೋರಿಸುವ ದಾರಿಯೇ ಮುಚ್ಚಬಹುದು. ಇದು ನನಗೆ ಸಣ್ಣ ಸಂಗತಿ ಅನಿಸುವುದಿಲ್ಲ. ಲೆನ್ಸಿನಲ್ಲಿ ಹಿಂತುದಿಯ ಉಸಿರುರಂಧ್ರ ನೋಡಿದೆ: ಎರಡನೇ ಹಂತದ ಹುಳಕ್ಕೆ ಎರಡು ಸೀಳು, ಮೂರನೆಯದಕ್ಕೆ ಮೂರು. ಮೈ ಕುಗ್ಗಿದರೂ ಸೀಳುಗಳ ಲೆಕ್ಕ ಬದಲಾಗಿಲ್ಲ.

ಹುಳದ ಅನ್ನಚೀಲದಲ್ಲಿ ಅದು ತಿಂದ ದೇಹದ ಡಿಎನ್‌ಎ ಸಿಗುತ್ತದೆ. ಮೇವಿಲ್ಲದೆ ಬದುಕಿಸಿಟ್ಟರೆ ಆ ಕಪ್ಪು ಚೀಲ ಖಾಲಿಯಾಗುತ್ತ ಹೋಗುತ್ತದೆ. ಆದ್ದರಿಂದ ಕೆಲವನ್ನು ಅಲ್ಲೇ ಕೊಂದು ಎಥನಾಲಿನಲ್ಲಿಡಬೇಕು. ಫಾರ್ಮಾಲಿನ್ ಬೇಡ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಆಲ್ಕೋಹಾಲಿನಲ್ಲಿ ಶಾಯಿ ಕರಗುತ್ತದೆ.

ಶವದ ಜೊತೆ ಹೋದ ಹುಳದ ಬೆಳವಣಿಗೆಯನ್ನು ಶವಾಗಾರದ ತಂಪು ನಿಧಾನಿಸುತ್ತದೆ. ಆದರೆ ದೊಡ್ಡ ಹುಳಗಳು ಒತ್ತಾಗಿ ಮುತ್ತಿದಲ್ಲಿ ಅವೇ ಶಾಖ ಹುಟ್ಟಿಸುತ್ತವೆ, ತಂಪಿನಲ್ಲೂ ಸ್ವಲ್ಪ ಹೊತ್ತು ಉಣ್ಣುತ್ತಲೇ ಇರಬಲ್ಲವು. ಶವವನ್ನು ಒಳಗಿಟ್ಟ ಗಂಟೆ, ಅಲ್ಲಿನ ತಾಪಮಾನ, ಎರಡನ್ನೂ ಬರೆದಿಡದಿದ್ದರೆ ಲೆಕ್ಕ ದಿಕ್ಕು ತಪ್ಪುತ್ತದೆ.

ಗೆರಟೆಯ ಹುಳಗಳಲ್ಲಿ ಉಳಿದವನ್ನು ಲಿವರಿನ ಚೂರಿನ ಜೊತೆ ಒದ್ದೆ ಮರಳಿನ ಡಬ್ಬಿಯಲ್ಲಿ ಸಾಕಿದೆ, ಬಾಯಿಗೆ ತೆಳುಬಟ್ಟೆ ಕಟ್ಟಿ. ಜಾತಿಯನ್ನು ಖಚಿತವಾಗಿ ಹೇಳಲು ನೊಣವೇ ಹೊರಬರಬೇಕು. ಬಂದಾಗ ಅದು ಬೂದುಬಣ್ಣದ್ದು, ಮೆತ್ತಗಿನದು, ರೆಕ್ಕೆ ಸುಕ್ಕಾಗಿರುತ್ತದೆ. ಆಗಲೇ ಕೊಂದು ಸೂಜಿಗೆ ಚುಚ್ಚಿದರೆ ಗುರುತು ಹಿಡಿಯುವುದು ಕಷ್ಟ. ಮೈ ಗಟ್ಟಿಯಾಗಿ ಹಸಿರು ಏರುವವರೆಗೆ ಕಾಯಬೇಕು.