ಬಸುರಿಯ ಎದೆಯುರಿ: ಮನೆಯವರು ತಿಳಿಯಬೇಕಾದದ್ದು



ಈ ಪುಟದಲ್ಲಿ ತಾವು ಸಾಮಾನ್ಯವಾಗಿ ಬೀಜೋಪಚಾರ, ಕುಳೆ ಕಬ್ಬಿನ ನಿಗಾ, ಗೊಬ್ಬರದ ಪ್ರಮಾಣ ಇತ್ಯಾದಿ ಓದುತ್ತೀರಿ. ಈ ಸಲ ವಿಷಯ ಬೇರೆ. ತೋಟಗಳಿಗೆ ಭೆಟ್ಟಿ ಕೊಟ್ಟಾಗ ಮನೆಯ ಹಿರಿಯರು, "ಸಾಹೇಬ್ರ, ಸೊಸಿಗೆ ದಿನಾ ರಾತ್ರಿ ಎದಿ ಉರೀತದ, ಯಾವ್ದರ ಗುಳಿಗಿ ಹೇಳ್ರಿ" ಎಂದು ಕೇಳುವುದುಂಟು. ನಾನು ಕೃಷಿ ಪದವೀಧರ, ವೈದ್ಯನಲ್ಲ; ಗುಳಿಗೆ ಹೇಳುವುದು ನನ್ನ ಕೆಲಸವಲ್ಲ. ಆದರೆ ಈ ಉರಿ ಏಕೆ ಬರುತ್ತದೆಂದು ತಿಳಿದುಕೊಂಡರೆ, ಗುಳಿಗೆಗಿಂತ ಮೊದಲು ಮನೆಯಲ್ಲಿಯೇ ಆಗಬೇಕಾದದ್ದು ಬಹಳ ಇದೆಯೆಂದು ಕಾಣುತ್ತದೆ. ಅದರಲ್ಲಿ ಹೆಚ್ಚಿನದು ಬಸುರಿಯ ಕೈಯಲ್ಲಿಲ್ಲ, ಮನೆಯವರ ಕೈಯಲ್ಲಿದೆ. ಆದ್ದರಿಂದ ಇದನ್ನು ಗಂಡಸರೂ ಅತ್ತೆಯಂದಿರೂ ಓದಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು.

ತಮ್ಮ ಬಾವಿಯ ಪಂಪಿನ ಫುಟ್‌ವಾಲ್ವನ್ನು ನೆನೆಯಿರಿ. ನೀರು ಒಂದೇ ದಿಕ್ಕಿಗೆ ಹೋಗುವಂತೆ ಅದು ನೋಡಿಕೊಳ್ಳುತ್ತದೆ. ಅದು ಸಡಿಲಾದರೆ ಪೈಪಿನಲ್ಲಿಯ ನೀರು ಹಿಂದಕ್ಕೆ ಇಳಿದುಹೋಗುತ್ತದೆ. ನಮ್ಮ ಅನ್ನನಾಳ ಜಠರಕ್ಕೆ ಕೂಡುವ ಜಾಗದಲ್ಲಿಯೂ ಸ್ನಾಯುವಿನ ಇಂಥದೇ ಒಂದು ಕವಾಟವಿದೆ. ಅನ್ನ ಕೆಳಗೆ ಇಳಿಯುವಾಗ ತೆರೆಯುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಜಠರದಲ್ಲಿ ಅನ್ನ ಅರಗಿಸುವ ತೀಕ್ಷ್ಣವಾದ ಆಮ್ಲವಿರುತ್ತದೆ. ಜಠರದ ಒಳಮೈಗೆ ಅದನ್ನು ತಡೆಯುವ ಶಕ್ತಿಯುಂಟು, ಅನ್ನನಾಳಕ್ಕೆ ಅಷ್ಟಿಲ್ಲ. ಕವಾಟ ಸಡಿಲಾಗಿ ಆಮ್ಲ ಮೇಲೆ ಬಂದರೆ ಎದೆಯ ನಡುವೆ ಉರಿ, ಬಾಯಿಗೆ ಹುಳಿ ನೀರು, ಹುಳಿ ತೇಗು. ನಮ್ಮ ಕಡೆ ಇದಕ್ಕೆ "ಪಿತ್ತ ಆಗೇದ" ಎನ್ನುವ ರೂಢಿ. ವಾಸ್ತವದಲ್ಲಿ ಇದು ಜಠರದ ಆಮ್ಲ.

ಬಸುರಿನಲ್ಲಿ ಈ ಕವಾಟ ಸಡಿಲಾಗಲು ಕಾರಣ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ದಿನ ತುಂಬುವ ಮೊದಲೇ ಗರ್ಭಕೋಶ ಬಿಗಿಯದಂತೆ ಅದು ಸ್ನಾಯುಗಳನ್ನು ಸಡಿಲವಾಗಿ ಇಡುತ್ತದೆ. ಕೂಸಿಗೆ ಬೇಕಾದ ಈ ಸಡಿಲು ಅನ್ನನಾಳದ ಕವಾಟಕ್ಕೂ ತಟ್ಟುತ್ತದೆ. ಐದಾರು ತಿಂಗಳು ದಾಟಿದ ಮೇಲೆ ಬೆಳೆಯುವ ಗರ್ಭಕೋಶ ಜಠರವನ್ನು ಕೆಳಗಿನಿಂದ ಒತ್ತತೊಡಗುತ್ತದೆ. ಮೇಲೆ ಸಡಿಲು, ಕೆಳಗೆ ಒತ್ತಡ: ಇಷ್ಟೇ ಇದರ ಲೆಕ್ಕ. ಬಹುಮಂದಿ ಬಸುರಿಯರಿಗೆ ಇದು ಆಗುತ್ತದೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ, ಕೂಸಿಗೆ ಇದರಿಂದ ಅಪಾಯವಿಲ್ಲ.

ಎದೆ ಉರಿದರೆ ಕೂಸಿಗೆ ತಲೆಗೂದಲು ದಟ್ಟ ಎಂಬ ಮಾತೊಂದಿದೆ. ನಗುವ ಮಾತೆಂದು ಬಿಡುವಂತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 64 ಬಸುರಿಯರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎದೆಯುರಿ ಹೆಚ್ಚಿದ್ದವರ ಕೂಸುಗಳಿಗೆ ಕೂದಲೂ ಹೆಚ್ಚಿದ್ದದ್ದು ಕಂಡುಬಂದಿತು. ಆದರೆ ಕೂದಲು ಉರಿಗೆ ಕಾರಣವಲ್ಲ; ಎರಡಕ್ಕೂ ಬಸುರಿನ ಹಾರ್ಮೋನುಗಳೇ ಮೂಲವಿರಬೇಕೆಂದು ಅವರ ಊಹೆ.

ಇನ್ನು ಮನೆಯ ವಿಚಾರ. ನಮ್ಮ ಜತ್ತ, ಅಕ್ಕಲಕೋಟ ಭಾಗದ ಮನೆಗಳಲ್ಲಿ ರಾತ್ರಿಯ ಊಟದ ಕ್ರಮ ತಮಗೆ ಗೊತ್ತೇ ಇದೆ. ರಾತ್ರಿ ಪಾಳಿಯ ಕರೆಂಟು ಇದ್ದರೆ ಗಂಡಸರು ನೀರು ಹಾಯಿಸಿ ಬರುವುದು ಹತ್ತಕ್ಕೋ ಹನ್ನೊಂದಕ್ಕೋ. ಅವರಾದ ಮೇಲೆ ಅತ್ತೆ, ಮಕ್ಕಳು, ಎಲ್ಲರ ಕೊನೆಗೆ ಸೊಸೆ. ಹಸಿದು ಹಸಿದು ಒಮ್ಮೆಲೇ ಹೊಟ್ಟೆ ತುಂಬ ಉಂಡು, ಬಾಗಿ ಪಾತ್ರೆ ತಿಕ್ಕಿ, ಹಾಗೆಯೇ ಮಲಗುತ್ತಾಳೆ. ತುಂಬಿದ ಜಠರ, ಸಡಿಲಾದ ಕವಾಟ, ನೆಲಕ್ಕೆ ಸಮವಾಗಿ ಮಲಗಿದ ಮೈ. ಆಮ್ಲ ಮೇಲೆ ಹರಿಯದೆ ಏನು ಮಾಡೀತು? ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದ ಬಸುರಿಯರ ಅರ್ಧ ಎದೆಯುರಿ ಈ ಕೊನೆಯ ಪಂಕ್ತಿಯಲ್ಲಿದೆ. ಬಸುರಿಗೆ ಏಳು ಏಳೂವರೆಗೆ ಊಟವಾಗಬೇಕು. ಮಲಗುವುದಕ್ಕೂ ಊಟಕ್ಕೂ 2ರಿಂದ 3 ತಾಸಿನ ಅಂತರವಿರಬೇಕು. ತಡವಾಗಿ ಬರುವವರಿಗೆ ಬಡಿಸಲು ಬೇರೆಯವರಿದ್ದಾರೆ. ಯಾರೂ ಇಲ್ಲದಿದ್ದರೆ ರೊಟ್ಟಿ ಬುಟ್ಟಿ ಎಲ್ಲಿರುತ್ತದೆಂಬುದು ಗಂಡಸರಿಗೂ ಗೊತ್ತಿರುತ್ತದೆ.

ಕುಬಸದ ದಿನ ಹೋಳಿಗೆ, ಭಜಿ, ಚಿತ್ರಾನ್ನ ಮಾಡಿ "ಇಬ್ಬರ ಸಲುವಾಗಿ ಉಣ್ಣವ್ವ" ಎಂದು ಒತ್ತಾಯಿಸಿ ಬಡಿಸುತ್ತೇವೆ. ಪ್ರೀತಿ ಸರಿಯೇ. ಆದರೆ ಇಬ್ಬರ ಪಾಲನ್ನು ಒಂದೇ ಹೊತ್ತಿಗೆ ಹಾಕಿದರೆ ಹಿಡಿಸುವ ಜಾಗ ಜಠರದಲ್ಲಿಲ್ಲ. ಕಬ್ಬಿಗೆ ಯೂರಿಯಾವನ್ನು ಒಂದೇ ಕಂತಿನಲ್ಲಿ ಸುರಿಯಬಾರದೆಂದು ನಾನು ಹೇಳುತ್ತಲೇ ಬಂದಿದ್ದೇನೆ, ಇಲ್ಲಿಯೂ ಹಾಗೆಯೇ. ಎರಡು ದೊಡ್ಡ ಊಟದ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿರಿ. ಉಣ್ಣುವಾಗ ತಂಬಿಗೆಗಟ್ಟಲೆ ನೀರು ಬೇಡ, ನಡುನಡುವೆ ಕುಡಿಯಲಿ. ಶೇಂಗಾ ಚಟ್ನಿ ನಮ್ಮ ಸೊಲ್ಲಾಪುರ ಸೀಮೆಯ ಹೆಮ್ಮೆ, ಶೇಂಗಾದಲ್ಲಿ ಪುಷ್ಟಿಯೂ ಇದೆ. ಆದ್ದರಿಂದ ಶೇಂಗಾ ಬಿಡಬೇಡಿರಿ, ಖಾರ ಇಳಿಸಿರಿ. ಕರಿದದ್ದು, ಹಸಿಮೆಣಸಿನಕಾಯಿ ಠೇಚಾ, ಖಾಲಿ ಹೊಟ್ಟೆಯ ಕಡಕ್ ಚಹಾ ಉರಿಯನ್ನು ಹೆಚ್ಚಿಸುತ್ತವೆ. ಮಜ್ಜಿಗೆ ಒಬ್ಬಳಿಗೆ ತಂಪಾದರೆ ಇನ್ನೊಬ್ಬಳಿಗೆ ಹುಳಿ. ಯಾವುದು ಆಗದೆಂಬುದನ್ನು ಅವಳ ಮಾತಿನಿಂದಲೇ ತಿಳಿಯಿರಿ.

ಕಬ್ಬಿನ ಹಾಲು ತಂಪೆಂದು ಬಸುರಿಗೆ ದೊಡ್ಡ ಲೋಟದಲ್ಲಿ ಕುಡಿಸುವವರಿದ್ದಾರೆ. ಸಕ್ಕರೆ ಕಾರ್ಖಾನೆಯ ಪತ್ರಿಕೆಯಲ್ಲಿ ಇದನ್ನು ಬರೆಯುವುದು ತುಸು ಮುಜುಗರದ ಸಂಗತಿ, ಆದರೂ ಹೇಳಲೇಬೇಕು: ಅದು ಎದೆಯುರಿಗೆ ಔಷಧವಲ್ಲ. ಬಸುರಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ರಕ್ತದ ಪರೀಕ್ಷೆಯಾಗದೆ ಇಂಥ ಉಪಚಾರ ಬೇಡ.

ಮಲಗುವಾಗ ಎಡ ಮಗ್ಗುಲಾಗಿ ಮಲಗಿದರೆ ಆಮ್ಲ ಮೇಲೆ ಬರುವುದು ಕಡಿಮೆ. ಹೊರಸಿದ್ದರೆ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಂಗಿ ಇಟ್ಟು ಸುಮಾರು 6 ಅಂಗುಲ ಎತ್ತರಿಸಿರಿ. ನೆಲದ ಮೇಲೆ ಮಲಗುವವರು ಎರಡು ಕೌದಿಗಳನ್ನು ಮಡಿಸಿ ಬೆನ್ನಿನ ಮೇಲ್ಭಾಗದಿಂದ ತಲೆಯವರೆಗೆ ಇಳಿಜಾರಾಗಿ ಹಾಕಿಕೊಳ್ಳಬೇಕು. ಬರೀ ತಲೆದಿಂಬು ಏರಿಸಿದರೆ ಕುತ್ತಿಗೆ ಮಡಿಚಿ ಹೊಟ್ಟೆಗೆ ಇನ್ನಷ್ಟು ಒತ್ತು ಬೀಳುತ್ತದೆ. ಲಂಗದ ಲಾಡಿ, ಸೀರೆಯ ಗಂಟು ಸಡಿಲವಿರಲಿ. ಉಂಡ ಕೂಡಲೇ ಕಳೆ ತೆಗೆಯುವುದು, ಬಟ್ಟೆ ಒಗೆಯುವುದು ಮುಂತಾದ ಬಾಗುವ ಕೆಲಸ ಹಚ್ಚಬಾರದು.

ಮಿಶ್ರಿಯ ಮಾತನ್ನು ಇಲ್ಲಿ ಬಿಡುವಂತಿಲ್ಲ. ಹಲ್ಲಿಗೆ ಹಚ್ಚುವುದಷ್ಟೇ ಎಂದು ಹೆಂಗಸರು ಹೇಳಿದರೂ ಅದು ಸುಟ್ಟ ತಂಬಾಕು. ತಂಬಾಕಿನ ನಿಕೋಟಿನ್ ಈ ಕವಾಟವನ್ನು ಇನ್ನೂ ಸಡಿಲು ಮಾಡುತ್ತದೆ. ಕೂಸಿನ ತೂಕವನ್ನೂ ತಗ್ಗಿಸುತ್ತದೆ. ಎದೆಯುರಿ ಕೂಸಿಗೆ ಕೇಡಲ್ಲ, ಮಿಶ್ರಿ ಕೇಡು.

ಉರಿಯೆಂದು ತಿನ್ನುವ ಸೋಡಾ ನೀರಿಗೆ ಹಾಕಿ ಕುಡಿಯುವುದೂ, ಅಂಗಡಿಯ ಬುರುಗು ಬರುವ ಪುಡಿ ತಂದು ಕುಡಿಯುವುದೂ ಬೇಡ. ಅವುಗಳಲ್ಲಿಯ ಸೋಡಿಯಂ ಮೈಯಲ್ಲಿ ನೀರು ಹಿಡಿಸುತ್ತದೆ. ಮೈಕೈ ನೋವಿನ ಗುಳಿಗೆಗಳನ್ನು ತಾವಾಗಿ ನುಂಗಬಾರದು. ಅವುಗಳಲ್ಲಿ ಕೆಲವು ಜಠರಕ್ಕೂ ಕೆಟ್ಟವು, ಬಸುರಿಗೂ ಕೆಟ್ಟವು. ಊಟದ ಕ್ರಮ ಬದಲಿಸಿಯೂ ಉರಿ ತಗ್ಗದಿದ್ದರೆ ಬಸುರಿಯರಿಗೆ ಕೊಡಬಹುದಾದ ಔಷಧಗಳಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತರಬೇಕು, ಸಹಿಸಿಕೊಂಡು ನಿದ್ದೆಗೆಡಬೇಕಾಗಿಲ್ಲ.

ಇಲ್ಲಿ ಒಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಉರಿಗೆ ಕಬ್ಬಿಣಾಂಶದ ಗುಳಿಗೆಯೇ ಕಾರಣವೆಂದು ಅದನ್ನು ಅಟ್ಟಕ್ಕೆ ಎಸೆಯುತ್ತಾರೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಒಂದರಂತೆ ಕನಿಷ್ಠ 180 ದಿನ ನುಂಗಬೇಕಾದ ಗುಳಿಗೆ ಅದು. ರಕ್ತ ಕಡಿಮೆಯಿದ್ದವಳಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ಜೀವಕ್ಕೇ ಬರುತ್ತದೆ. ಗುಳಿಗೆಯಿಂದ ಹೊಟ್ಟೆ ತೊಳಸಿದರೆ ನಿಲ್ಲಿಸಬೇಡಿರಿ, ಊಟದ ಜೊತೆಗೆ ನುಂಗಬಹುದೇ ಎಂದು ನರ್ಸಬಾಯಿಯವರನ್ನು ಕೇಳಿರಿ. ನುಂಗಿದ ಕೂಡಲೇ ಮಲಗಬಾರದು. ಚಹಾ, ಕ್ಯಾಲ್ಸಿಯಂ ಗುಳಿಗೆ, ಆಮ್ಲ ತಗ್ಗಿಸುವ ಔಷಧ ಇವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಆದುದರಿಂದ ಇವುಗಳಿಗೂ ಅದಕ್ಕೂ ಎರಡು ತಾಸಿನ ಅಂತರವಿರಲಿ. ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಎದೆಯುರಿಯಂತೆ ತೋರಿದರೂ ಎದೆಯುರಿಯಲ್ಲದ ನೋವೊಂದಿದೆ. ಐದು ತಿಂಗಳು ತುಂಬಿದ ಮೇಲೆ ಪಕ್ಕೆಲುಬಿನ ಕೆಳಗೆ, ಬಲಗಡೆಗೆ ಅಥವಾ ಹೊಟ್ಟೆಯ ಮೇಲ್ಭಾಗದ ನಡುವೆ ಜೋರಾದ ನೋವು ಬಂದು, ಅದರೊಂದಿಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣ ಮುಂದೆ ಮಿಂಚಿದಂತಾಗುವುದು, ಮುಖ ಕೈಗಳಿಗೆ ಒಮ್ಮೆಲೇ ಬಾವು ಇವುಗಳಲ್ಲಿ ಯಾವುದಾದರೊಂದು ಕಂಡರೆ ಅದು ರಕ್ತದೊತ್ತಡ ಏರಿದ ಲಕ್ಷಣವಿರಬಹುದು. ನೋವು ಒಂದೇ ಇದ್ದರೂ, ಅದು ಜೋರಾಗಿದ್ದು ಇಳಿಯದಿದ್ದರೆ, ಹೋಗಿ ಬಿ.ಪಿ. ನೋಡಿಸಬೇಕು. ಒತ್ತಡ 140ರ ಮೇಲೆ 90 ಅಥವಾ ಅದಕ್ಕೂ ಹೆಚ್ಚಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ಕೇಸು ಅಲ್ಲ. ಮೂತ್ರದ ಪರೀಕ್ಷೆಯೂ ಕೂಡಲೇ ಆಗಬೇಕು. ಇದು ಫಿಟ್ಸಿಗೆ ತಿರುಗಿದರೆ ತಾಯಿ, ಕೂಸು ಇಬ್ಬರಿಗೂ ಪ್ರಾಣಾಪಾಯ. "ಪಿತ್ತ ಆಗೇದ, ಮುಂಜಾನೆ ನೋಡೋಣು" ಎಂದು ರಾತ್ರಿ ಕಳೆಯಬಾರದು. ರಕ್ತ ವಾಂತಿ, ಡಾಂಬರಿನಂಥ ಅಂಟು ಮಲ, ಎದೆನೋವಿನೊಂದಿಗೆ ಉಸಿರು ಕಟ್ಟುವುದು ಇವುಗಳಿಗೂ ಇದೇ ಮಾತು. ಗಾಡಿಗೆ 102 ಅಥವಾ 108ಕ್ಕೆ ಫೋನು ಮಾಡಿರಿ.

ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆಯಾಗಿ ನಡೆಯುತ್ತದೆ. 2016ರಿಂದ ಈ ಯೋಜನೆ ಇದೆ. ಹಂಗಾಮಿನಲ್ಲಿ ತಮ್ಮ ಫಡಕ್ಕೆ ಬರುವ ಕಬ್ಬು ಕಡಿಯುವ ಟೋಳಿಗಳಲ್ಲಿಯೂ ಬಸುರಿಯರಿರುತ್ತಾರೆ. ನಸುಕಿನಲ್ಲಿ ಎದ್ದು, ಸಿಕ್ಕಾಗ ಉಂಡು, ದಿನವಿಡೀ ಬಾಗಿ ಮೋಳಿ ಕಟ್ಟುವ ಅವರಿಗೆ ಈ ಉರಿ ಹೆಚ್ಚು, ಹೇಳಿಕೊಳ್ಳಲು ಜನ ಕಡಿಮೆ. ತಮ್ಮ ಊರಿನ ಆಶಾ ಕಾರ್ಯಕರ್ತೆಯ ಫೋನು ನಂಬರನ್ನು ಟೋಳಿಯ ಮುಕಾದಮನಿಗೆ ಮೊದಲ ದಿನವೇ ಕೊಡಿರಿ. ಆಸ್ಪತ್ರೆಯ ಕಾರ್ಡು ಅವರ ಊರಲ್ಲೇ ಉಳಿದಿದೆಯೆಂದು ತಪಾಸಣೆ ತಪ್ಪಿಸಬೇಡಿರಿ. 9ನೆಯ ತಾರೀಖಿನಂದು ಅವರಿಗೆ ಮಧ್ಯಾಹ್ನದವರೆಗೆ ಬಿಡುವು ಸಿಗುವಂತೆ ಮುಕಾದಮನೊಂದಿಗೆ ಮುಂಚಿತವಾಗಿಯೇ ಮಾತಾಡಿ ಇಟ್ಟುಕೊಳ್ಳಿರಿ.